ಜೇವರ್ಗಿ ರೋಡಿಗೆ ಸುತ್ತುದಾರಿ

23 ಡಿಸೆಂಬರ್ 2024, ಸೋಮವಾರ, ಮೇಲುಕೋಟೆ

ಮಂಡ್ಯದ ಸಾಹಿತ್ಯ ಸಮ್ಮೇಳನ ನಿನ್ನೆ ಮುಗಿಯಿತು. ಸೀದಾ ಸಿಂಧನೂರಿಗೆ ಹೊರಡಬೇಕಿದ್ದವರು, ಕ್ರಿಸ್‌ಮಸ್ ರಜೆ ಇದೆಯಲ್ಲ ಎಂದು ಕಾರನ್ನು ಶ್ರೀರಂಗಪಟ್ಟಣಕ್ಕೆ ತಿರುಗಿಸಿದೆವು. ಕಾರು ನಮ್ಮ ಕಾಲೇಜಿನ ಇತಿಹಾಸದ ಮೇಷ್ಟ್ರದು, ಸೀಮೆ ನನ್ನದು. ದರಿಯಾ ದೌಲತ್ತಿನ ಪೊಳ್ಳಿಲೂರು ಕದನದ ಚಿತ್ರದ ಮುಂದೆ ನಿಂತವರು ಅಲ್ಲಾಡಲೊಲ್ಲರು. ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿ ಕೂತ ಇಂಗ್ಲಿಷರ ಕರ್ನಲ್ ಬೇಲಿಯನ್ನು ನನಗೂ ಹುಡುಕಿ ತೋರಿಸಿದರು.

ಅಲ್ಲಿಂದ ಪಾಂಡವಪುರದವರೆಗೆ ಬರೀ ಭತ್ತ, ಕಬ್ಬು, ತೆಂಗು. ಆಲೆಮನೆಯೊಂದರ ಮುಂದೆ ಇಳಿದೆವು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕುತ್ತಿತ್ತು. ಒಬ್ಬ ಮೇಲಿನ ಮಡ್ಡಿ ಎತ್ತಿ ಚೆಲ್ಲುತ್ತಿದ್ದರೆ ಇನ್ನೊಬ್ಬ ಒಲೆಗೆ ಒಣಸಿಪ್ಪೆ ತುರುಕುತ್ತಿದ್ದ. ಪಾಕ ನೋಡಲು ಯಜಮಾನ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಹಿಸುಕಿ, "ಇನ್ನೊಂದ್ ಕುದಿ ಬರ್ಲಿ" ಅಂದ. ಬಿಸಿಬೆಲ್ಲ ಬಾಯಿಗೆ ಬಿದ್ದ ಮೇಲೆ ಮೇಷ್ಟ್ರು ಕೇಳಿದರು: "ಸರ್, ಈ ವಿಶ್ವೇಶ್ವರಯ್ಯ ನಾಲಿ ನೀರು ಕಡೀ ಹೊಲಕ್ಕೂ ಮುಟ್ಟತೈತೇನ್ರೀ?" ತುಂಗಭದ್ರೆಯ ಎಡದಂಡೆ ನಾಲೆಯ ಜನ ಎಲ್ಲಿ ಹೋದರೂ ಇದನ್ನೇ ಕೇಳುವುದು. ಆಗಸ್ಟ್ 10ರ ರಾತ್ರಿ ಅಲ್ಲಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಮೇಷ್ಟ್ರ ಮನೆಯಲ್ಲಿ ಯಾರೂ ಮಲಗಿರಲಿಲ್ಲವಂತೆ. ಇಲ್ಲಿನವರದೂ ಅದೇ ಪಾಡು. ಈ ಜುಲೈನಲ್ಲಿ ಕನ್ನಂಬಾಡಿ ತುಂಬಿದ್ದಕ್ಕೆ ಈ ಹಸಿರು. ಹೋದ ವರ್ಷ ಸೆಪ್ಟೆಂಬರಿನಲ್ಲಿ ಇದೇ ಜನ ಕಾವೇರಿ ನೀರಿಗಾಗಿ ಮಂಡ್ಯ ಬಂದ್ ಮಾಡಿ ಬೀದಿಯಲ್ಲಿ ಕೂತಿದ್ದರು.

24, ಮಂಗಳವಾರ, ಕೆ.ಆರ್. ಪೇಟೆ

ಬೆಳಿಗ್ಗೆ ಯೋಗನರಸಿಂಹನ ಬೆಟ್ಟ, ಕೆಳಗೆ ಪುಳಿಯೋಗರೆ. ಮಧ್ಯಾಹ್ನ ಹೊಸಹೊಳಲಿನ ಲಕ್ಷ್ಮೀನಾರಾಯಣ. 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ್ದು ಬೇಲೂರು, ಹಳೇಬೀಡು, ಸೋಮನಾಥಪುರ. ಈ ಗುಡಿಗೆ ಆ ಭಾಗ್ಯವಿಲ್ಲ, ನೂಕುನುಗ್ಗಲೂ ಇಲ್ಲ. ಜಗತಿಯ ಮೇಲೆ ಆನೆಸಾಲಿನ ಜೊತೆಗೇ ಒಂದು ಸುತ್ತು ಬಂದೆವು. ಸಂಜೆ ಕಿಕ್ಕೇರಿ. ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ ಊರು ಎಂದದ್ದೇ ತಡ, ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಹಾಡಲಿಲ್ಲ, ಸದ್ಯ.

25, ಬುಧವಾರ, ನಾಗಮಂಗಲ

ಕಂಬದಹಳ್ಳಿಯ ಪಂಚಕೂಟ ಬಸದಿ ಮುಗಿಸಿ ಬರುವಾಗ ನೆಲದ ಬಣ್ಣವೇ ಬೇರೆ. ಗದ್ದೆಯಿಲ್ಲ, ರಾಗಿ ಕೊಯ್ದ ಕೂಳೆ, ಹುರುಳಿ, ಹೊಂಗೆ. ಜಿಲ್ಲೆ ಅದೇ, ಆದರೆ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟು ಎಲ್ಲೋ ಹಿಂದೆ ಉಳಿಯಿತು. ನನ್ನನ್ನು ಕೇಳಿದರೆ ಈ ಬೋಳುಹೊಲಗಳೇ ಚೆಂದ. ಇಲ್ಲಿನ ರೈತನ ಮುಂದೆ ಹಾಗೆನ್ನುವ ಧೈರ್ಯವಿಲ್ಲ.

ರಸ್ತೆ ತುಂಬ ಹುರುಳಿ ಹರಡಿದ್ದರು. ಮೇಷ್ಟ್ರು ಪಾಪ, ತುಳಿಯಬಾರದೆಂದು ಕಾರನ್ನು ಮಣ್ಣಿಗಿಳಿಸಿದರು. ಮೊರ ಹಿಡಿದ ಅಜ್ಜಿ ಅಡ್ಡ ಬಂದಳು: "ಮ್ಯಾಲ್ಗಾಸಿ ಓಡ್ಸಪ್ಪ! ಪಕ್ಕುಕ್ ಹೋದ್ರೆ ಒಕ್ಕೋರ್ಯಾರು?" ರಿವರ್ಸ್ ತಗೊಂಡು, ಮತ್ತೆ ಮುಂದೆ, ಮತ್ತೆ ಹಿಂದೆ. ಅಜ್ಜಿ ಸಾಕೆನ್ನುವವರೆಗೆ ಬಿಡಲಿಲ್ಲ.

ಈಗ ಸೌಮ್ಯಕೇಶವನ ಗುಡಿ ಹತ್ತಿರ ಕಾಫಿ. ಇಲ್ಲಿಂದ ಸಿಂಧನೂರಿನವರೆಗೂ ಜೇವರ್ಗಿಗೆ ಹೋಗುವ ಹೆದ್ದಾರಿ, ನಮ್ಮ ಬಾಯಲ್ಲಿ ಜೇವರ್ಗಿ ರೋಡೇ: ಹುಳಿಯಾರು, ಹಿರಿಯೂರು, ಚಳ್ಳಕೆರೆ. ರಾತ್ರಿ ಬಳ್ಳಾರಿಯಲ್ಲಿ ಮಲಗಿದರೂ ನಾಳೆಯ ಮೊದಲ ಪಿರಿಯಡ್ಡು ಮೇಷ್ಟ್ರದೇ.