ಬಚ್ಚಲ ನೀರಿನ ದಾರಿ

ಶಿವಮೊಗ್ಗೆಯ ಕೋಟೆಯ ಕಡೆ ವಾಸಿಸುವ ನಮಗೆ ನೀರಿನೊಡನೆ ಒಂದು ಬಗೆಯ ಸಲುಗೆಯುಂಟು. ಶಿವಪ್ಪನಾಯಕನ ಅರಮನೆಯನ್ನು ದಾಟಿ ನಾಲ್ಕು ಹೆಜ್ಜೆ ನಡೆದರೆ ತುಂಗೆ. ಮಳೆಗಾಲದಲ್ಲಿ ಮಳೆ ಬಲವಾದರೆ ಊರಿನವರು ಕೋರ್ಪಲಯ್ಯನ ಛತ್ರದ ಬಳಿಗೆ ಹೋಗಿ, ನದಿಯೊಳಗಿನ ಮಂಟಪವು ಎಷ್ಟು ಮುಳುಗಿತೆಂದು ನೋಡಿಬರುವರು. ನಮ್ಮ ಊರಿನ ಪ್ರವಾಹಕ್ಕೆ ಅದೇ ಅಳತೆಗೋಲು. ಇಷ್ಟು ಕಾಲ ನದಿಯ ಏರಿಳಿತವನ್ನು ನೋಡಿದ ನಾನು, ನನ್ನ ಮನೆಯ ಬಚ್ಚಲಿನ ನೀರು ಯಾವ ದಾರಿಯಲ್ಲಿ ಹೋಗುತ್ತದೆಂಬುದನ್ನು ಅರುವತ್ತನೆಯ ವಯಸ್ಸಿನವರೆಗೆ ವಿಚಾರಿಸಿದವನಲ್ಲ.

ಹಿಂದೆ ವಿಚಾರಿಸುವ ಅಗತ್ಯವೂ ಇರಲಿಲ್ಲ. ಹಳೆಯ ಬಚ್ಚಲುಮನೆಯಲ್ಲಿ ಹಂಡೆ, ಒಲೆ, ಕಲ್ಲುಚಪ್ಪಡಿಯ ನೆಲ, ಗೋಡೆಯ ಬುಡದಲ್ಲಿ ಒಂದು ಕಂಡಿ. ಮಿಂದ ನೀರು ಆ ಕಂಡಿಯಿಂದ ಹಿತ್ತಿಲಿನ ಬಾಳೆಯ ಬುಡಕ್ಕೆ ಹೋಗುತ್ತಿದ್ದಿತು. ಮೂರು ವರ್ಷಗಳ ಕೆಳಗೆ ಅದನ್ನು ಕಿತ್ತು, ಟೈಲ್ಸ್ ಹಾಕಿಸಿ, ಷವರಿನ ಜಾಗಕ್ಕೆ ನಾಲ್ಕು ಅಂಗುಲದ ಕಟ್ಟೆ ಕಟ್ಟಿಸಿದೆನು. ಕೆಲಸ ಮಾಡಿದವರ ಹೆಸರು ಇಲ್ಲಿ ಬೇಡ. ವರ್ಷ ತುಂಬುವುದರೊಳಗೆ ಪಕ್ಕದ ಕೋಣೆಯ ಗೋಡೆ ಬೆವರತೊಡಗಿತು. ನನ್ನ ಗುರುಗಳು ಕೊಟ್ಟಿದ್ದ ಅಮರಕೋಶದ ಹಾಳೆಗಳು ಒಂದಕ್ಕೊಂದು ಅಂಟಿ ಹಲಗೆಯಂತಾದುವು. ಅದನ್ನಾದರೂ ಸಹಿಸಬಹುದಾಗಿತ್ತು. ಕಳೆದ ಶ್ರಾವಣದಲ್ಲಿ ಎಂಬತ್ತನಾಲ್ಕು ವರ್ಷದ ನಮ್ಮ ತಾಯಿಯವರು ಆ ಕಟ್ಟೆಯನ್ನು ಎಡವಿ ಬಿದ್ದರು. ದೈವವಶಾತ್ ಮೂಳೆಗೆ ಪೆಟ್ಟಾಗಲಿಲ್ಲ. ಆದರೆ ಸ್ನಾನವಿಲ್ಲದೆ ಒಂದು ಗುಟುಕು ಕಾಫಿಯನ್ನೂ ಮುಟ್ಟದಿದ್ದ ಆಕೆ, ಅಂದಿನಿಂದ “ಇವತ್ತು ಮೈ ಸರಿಯಿಲ್ಲ, ನಾಳೆ ನೋಡೋಣ” ಎನ್ನತೊಡಗಿದರು. ಮೈ ಸರಿಯಾಗಿಯೇ ಇತ್ತು. ಆಕೆಗೆ ಬಂದದ್ದು ಹೆದರಿಕೆ.

ಭದ್ರಾವತಿಯಲ್ಲಿರುವ ನಮ್ಮ ಭಾವನವರು ಈ ಸಂಗತಿಯನ್ನು ಕೇಳಿ, “ನಮ್ಮ ಮನೆಯದನ್ನು ಒಮ್ಮೆ ನೋಡಿಹೋಗು” ಎಂದು ಹೇಳಿಕಳುಹಿಸಿದರು. ಇಲ್ಲಿಂದ ಅಲ್ಲಿಗೆ ಸುಮಾರು 20 ಕಿಲೋಮೀಟರು. ಬೆಳಗಿನ ರೈಲಿನಲ್ಲಿ ಹೊರಟೆನು. ಹಿಂದೆ ಬೆಂಕಿಪುರವೆಂದು ಹೆಸರಾಗಿದ್ದ ಆ ಊರಿನಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಟ್ಟಿಗೆಯ ಇದ್ದಿಲು, ವಿಶ್ವೇಶ್ವರಯ್ಯನವರ ಹಟ, ಈ ಮೂರರಿಂದ ಬೆಳೆದ ಕಾರ್ಖಾನೆಯದು. ಅಲ್ಲಿ ನೀರಿನ ಕೊಳವೆಗಳನ್ನೂ ಎರಕ ಹೊಯ್ಯುತ್ತಿದ್ದರು. ಕಾರ್ಖಾನೆಯ ಈಚಿನ ಕಷ್ಟಗಳು ಎಲ್ಲರಿಗೂ ತಿಳಿದವೇ; ಭಾವನವರ ಎದುರಿಗೆ ಆ ಮಾತನ್ನು ಎತ್ತದಿರುವುದೇ ಮೇಲು. ಜೀವಮಾನವೆಲ್ಲ ಅಲ್ಲಿಯೇ ದುಡಿದವರು ಅವರು.

ಅವರ ಬಚ್ಚಲುಮನೆಯ ಬಾಗಿಲಲ್ಲಿ ಕಟ್ಟೆಯೇ ಇರಲಿಲ್ಲ. ನೆಲವು ಹೊರಗಿನ ನಡೆಯಿಂದ ತಡೆಯಿಲ್ಲದೆ ಒಳಕ್ಕೆ ಹೋಗಿ, ಎದುರು ಗೋಡೆಯ ಬುಡದವರೆಗೆ ಒಂದೇ ಸಮನಾಗಿ ಇಳಿದಿತ್ತು. ಗೋಡೆಯ ಉದ್ದಕ್ಕೂ ಮೂರು ಬೆರಳಗಲದ ಉಕ್ಕಿನ ಜಾಲರಿ. ಅದರ ಕೆಳಗೆ ಕಿರುಗಾಲುವೆ. ಅಂಗಡಿಗಳಲ್ಲಿ ಇದನ್ನು ಲೀನಿಯರ್ ಡ್ರೈನ್ ಎಂದೂ ಷವರ್ ಚಾನೆಲ್ ಎಂದೂ ಕರೆಯುತ್ತಾರೆ. ನನಗೆ ಕೂಡಲೇ ನೆನಪಾದದ್ದು ದೇವಾಲಯದ ಪ್ರಣಾಲ. ಗರ್ಭಗೃಹದ ಅಭಿಷೇಕೋದಕವು ಹೊರಬೀಳುವ ಕಲ್ಲಿನ ದೋಣಿಗೂ ಮಕರಮುಖವನ್ನು ಕೆತ್ತುತ್ತಿದ್ದ ಶಿಲ್ಪಿಗಳ ನಾಡಿನಲ್ಲಿ, ನೀರು ಹೋಗುವ ದಾರಿಯನ್ನು ನಾವು ಕೊನೆಯ ಕೆಲಸವೆಂದು ಎಣಿಸುವುದು ಸೋಜಿಗವಲ್ಲವೆ?

“ಮೂಲೆಯಲ್ಲಿ ಒಂದೇ ತೂತಿದ್ದರೆ ನೆಲಕ್ಕೆ ಎಲ್ಲ ಕಡೆಯಿಂದಲೂ ವಾಟ ಕೊಡಬೇಕು. ಅದರ ಮೇಲೆ ಸ್ಟೂಲು ಇಟ್ಟರೆ ಒಂದು ಕಾಲು ಅಲ್ಲಾಡುತ್ತದೆ. ಇಲ್ಲಿ ವಾಟ ಒಂದೇ ಕಡೆಗೆ, ನಾಲ್ಕು ಕಾಲೂ ಊರುತ್ತವೆ, ಕೂತು ನೋಡು” ಎಂದರು ಭಾವನವರು. ಕುಳಿತು ನೋಡಿದೆನು. ಅಲ್ಲಾಡಲಿಲ್ಲ. ತಾಯಿಯವರಿಗಾಗಿ ಇದೇ ಆಗಬೇಕೆಂದು ಆ ಕ್ಷಣದಲ್ಲಿಯೇ ನಿಶ್ಚಯಿಸಿದೆನು.

ಕೊಳ್ಳುವ ವಿಷಯದಲ್ಲಿ ಅವರು ಹೇಳಿದ ಮಾತುಗಳು ಗೃಹಸ್ಥರಿಗೆ ಉಪಯುಕ್ತವಾದುವು. ನಾನು ಜಾಲರಿಯ ಉದ್ದವನ್ನೂ ಹೊಳಪನ್ನೂ ನೋಡುತ್ತಿದ್ದೆನು. ಅವರು ಅದನ್ನು ಮಗುಚಿ ತಳದ ಕೊಳವೆಯ ಬಾಯಿಯನ್ನು ತೋರಿಸಿದರು. ಜಾಲರಿ ಎಷ್ಟೇ ಉದ್ದವಾಗಿರಲಿ, ನೀರು ಹೋಗುವುದು ಈ ಬಾಯಿಯ ಗಾತ್ರದಷ್ಟೇ. ಷವರಿನ ನೀರು ಸಣ್ಣದು. ಆದರೆ ನಮ್ಮವರು ಕೊನೆಗೆ ಒಂದು ಬಕೀಟು ನೀರನ್ನು ಒಮ್ಮೆಲೇ ಸುರಿದುಕೊಳ್ಳದೆ ಸ್ನಾನ ಮುಗಿಯಿತೆನ್ನುವುದಿಲ್ಲ. ಆದುದರಿಂದ 50 ಮಿಲಿಮೀಟರಿಗಿಂತ 75 ಮಿಲಿಮೀಟರಿನ ಬಾಯಿ ಉತ್ತಮ. ಕೆಳಗಿನ ಟ್ರ್ಯಾಪಿನಲ್ಲಿ ಯಾವಾಗಲೂ 50 ಮಿಲಿಮೀಟರು ನೀರು ನಿಂತಿರಬೇಕು. ಚರಂಡಿಯ ದುರ್ಗಂಧವನ್ನೂ ಜಿರಲೆಯನ್ನೂ ತಡೆಯುವುದು ಆ ನೀರೇ. ಕೂದಲನ್ನು ಹಿಡಿಯುವ ಬುಟ್ಟಿಯು ಹೆಂಗಸರು ಕೈಯಿಂದ ಎತ್ತಿ ತೊಳೆಯುವಷ್ಟು ಸುಲಭವಾಗಿರಬೇಕು. (ಹೆಂಗಸರೇ ಏಕೆ ತೊಳೆಯಬೇಕೆಂದು ನನ್ನ ಹೆಂಡತಿಯು ಕೇಳಿದಳು. ಈಗ ಭಾನುವಾರಗಳಂದು ಅದನ್ನು ನಾನೇ ತೊಳೆಯುತ್ತೇನೆ.)

ಉಕ್ಕಿನ ಮಾತು ಬಂದಾಗ ಭಾವನವರ ಮುಖವೇ ಬೇರೆಯಾಯಿತು. ಅಯಸ್ಕಾಂತಕ್ಕೆ ಅಂಟದಿದ್ದರೆ ಅದು ಒಳ್ಳೆಯ ತುಕ್ಕುಹಿಡಿಯದ ಉಕ್ಕೆಂದು ಅಂಗಡಿಯವನು ನನಗೆ ಹೇಳಿದ್ದನು. ಅವರು ನಕ್ಕುಬಿಟ್ಟರು. ನಿಕ್ಕಲನ್ನು ಕಡಿಮೆಮಾಡಿ ಮ್ಯಾಂಗನೀಸನ್ನು ಸೇರಿಸಿದ ಅಗ್ಗದ ಉಕ್ಕೂ ಅಯಸ್ಕಾಂತಕ್ಕೆ ಅಂಟುವುದಿಲ್ಲವಂತೆ. ಆದರೆ ಬಚ್ಚಲಿನ ತೇವದಲ್ಲಿ ಬೇಗನೆ ಕಲೆಗಟ್ಟುತ್ತದೆ. ಕೇಳಿ ಪಡೆಯಬೇಕಾದದ್ದು 304 ಎಂಬ ದರ್ಜೆ, ಬಿಲ್ಲಿನಲ್ಲಿ ಬರೆಯಿಸಿಯೇ. ಮಾಲಿಬ್ಡಿನಮ್ ಸೇರಿದ 316 ಸಮುದ್ರತೀರದವರಿಗೆ ತಕ್ಕದ್ದು, ಶಿವಮೊಗ್ಗೆಗೆ ಅಗತ್ಯವಿಲ್ಲ. ಯಾವ ದರ್ಜೆಯದಾದರೂ ಬಚ್ಚಲು ತೊಳೆಯುವ ಆಸಿಡ್ಡನ್ನು ಅದರ ಮೇಲೆ ಸುರಿಯಲಾಗದು.

ಊರಿಗೆ ಹಿಂದಿರುಗಿ ಬೇರೊಬ್ಬ ಮೇಸ್ತ್ರಿಯನ್ನು ಗೊತ್ತುಮಾಡಿದೆನು. ನೆಲವನ್ನು ಅಗೆದಾಗ ಹಿಂದಿನ ರಹಸ್ಯವು ಹೊರಬಿದ್ದಿತು: ಟೈಲ್ಸಿನ ಕೆಳಗೆ ಬರಿಯ ಸಿಮೆಂಟು, ಮತ್ತೇನೂ ಇರಲಿಲ್ಲ. ಟೈಲ್ಸೇ ನೀರನ್ನು ತಡೆಯುವುದೆಂದು ನಾವು ಭ್ರಮಿಸುತ್ತೇವೆ. ಅದರ ಸಂದುಗಳಲ್ಲಿ ನೀರು ಇಳಿಯುತ್ತಲೇ ಇರುವುದು. ತಡೆಯಬೇಕಾದದ್ದು ಅಡಿಯಲ್ಲಿ ಬಳಿದ ಲೇಪ. ಹೊಸ ಮೇಸ್ತ್ರಿಯು ಅಡಿಗೆ ಕಾಲಂಗುಲದಂತೆ ಐದಡಿ ನೆಲಕ್ಕೆ ಒಂದೂಕಾಲು ಅಂಗುಲ ವಾಟ ಕೊಟ್ಟು ರಸಮಟ್ಟದಿಂದ ನೋಡಿದನು. ನೆಲವೂ ಗೋಡೆಯೂ ಸೇರುವ ಮೂಲೆಗಳನ್ನು ಗಾರೆಯಿಂದ ದುಂಡಗೆ ಮಾಡಿ, ಬಲೆಯಂಥ ಪಟ್ಟಿಯನ್ನು ಅಂಟಿಸಿ, ಸಿಮೆಂಟೂ ಪಾಲಿಮರೂ ಬೆರೆತ ಲೇಪವನ್ನು ಕುಂಚದಿಂದ ಬಳಿದನು. ಮೊದಲನೆಯದು ಒಣಗಿದ ಮೇಲೆ ಎರಡನೆಯದನ್ನು ಅಡ್ಡಲಾಗಿ ಬಳಿಯಬೇಕು. ನೀರು ಬೀಳುವ ಗೋಡೆಗಳಲ್ಲಿ ಆಳೆತ್ತರದವರೆಗೂ ಲೇಪವಿರಬೇಕು.

ಲೇಪವು ಪಕ್ವವಾದ ಮೇಲೆ ಕೊಳವೆಯ ಬಾಯಿಗೆ ಬಿರಡೆ ಬಡಿದು, ಬಾಗಿಲಿಗೆ ಇಟ್ಟಿಗೆಯ ತಡೆಯಿಟ್ಟು, ನೆಲದ ಮೇಲೆ ಎರಡಂಗುಲ ನೀರು ನಿಲ್ಲಿಸಿದೆವು. ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದೆನು. ಪಕ್ಕದಲ್ಲಿ ಒಂದು ಡಬರಿಯಲ್ಲಿಯೂ ನೀರು ತುಂಬಿ ಗುರುತು ಹಾಕಿದೆನು. ಆವಿಯಾಗಿ ಹೋದುದಾದರೆ ಎರಡರಲ್ಲಿಯೂ ಸಮನಾಗಿ ಇಳಿಯಬೇಕಷ್ಟೆ. ಘಟಿಕಾಯಂತ್ರದ ವಿಷಯವನ್ನು ಮಕ್ಕಳಿಗೆ ಪಾಠ ಹೇಳಿದ್ದವನು ನಾನು. ಆ ರಾತ್ರಿ ಮೂರು ಬಾರಿ ಎದ್ದು ಬ್ಯಾಟರಿ ಹಿಡಿದು ನೋಡಿದೆನು. ಬೆಳಗಾಗುವಾಗ ಡಬರಿಯ ನೀರು ಕದಲಿರಲಿಲ್ಲ. ನೆಲದ ನೀರು ಒಂದು ಬೆರಳಗಲ ಇಳಿದಿತ್ತು.

ಮೇಸ್ತ್ರಿಯು ಮೊದಲು ಒಪ್ಪಲಿಲ್ಲ. ಡಬರಿಯನ್ನು ನೋಡಿ ಸುಮ್ಮನಾದನು. ನೀರು ತೆಗೆದು, ಕಾಲುವೆಯ ಅಂಚಿನ ಉಕ್ಕಿನ ಪಟ್ಟಿಯ ಬಳಿ ಉಗುರಿನಿಂದ ಲೇಪವನ್ನು ಕೆರೆದನು. ಅದು ಅಂಗೈಯಗಲ ಸುಲಿದು ಬಂದಿತು, ಕೆಳಗೊಂದು ತೆಳುವಾದ ಪ್ಲಾಸ್ಟಿಕ್ಕಿನ ಹಾಳೆಯೊಡನೆ. ಗೀಚಾಗದಿರಲೆಂದು ಅಂಗಡಿಯಿಂದ ಅಂಟಿಸಿ ಬಂದಿದ್ದ ಹಾಳೆಯನ್ನು ಕೀಳದೆಯೇ ಅದರ ಮೇಲೆ ಬಳಿದಿದ್ದರು. ಲೇಪವೂ ಉಕ್ಕೂ ಒಂದಾಗಿರಲೇ ಇಲ್ಲ. “ಮೇಷ್ಟ್ರೇ, ಇದರ ಮೇಲೆ ಟೈಲ್ಸ್ ಹಾಕಿಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ” ಎಂದನು. ಅವನ ಪ್ರಾಮಾಣಿಕತೆ ನನಗೆ ಮೆಚ್ಚಿಗೆಯಾಯಿತು. ಪಟ್ಟಿಯನ್ನು ತಿಕ್ಕಿ ಒರಟುಮಾಡಿ, ಪುನಃ ಎರಡು ಸಲ ಬಳಿದು, ಎರಡು ದಿನ ನೀರು ನಿಲ್ಲಿಸಿದೆವು. ಈ ಬಾರಿ ಗೆರೆಯೂ ಗುರುತೂ ಹೇಳಿದ್ದು ಒಂದೇ. ಆ ಬಳಿಕವೇ ಜಾರದ ಒರಟು ಟೈಲ್ಸನ್ನು ಹಾಸಿದ್ದು.

ಮೊದಲನೆಯ ದಿನ ತಾಯಿಯವರು ಬಾಗಿಲಲ್ಲಿ ಕಾಲನ್ನು ಎತ್ತಿ ಇಟ್ಟರು, ಇಲ್ಲದ ಕಟ್ಟೆಯನ್ನು ದಾಟುವವರಂತೆ. ಆಮೇಲೆ ಸ್ಟೂಲಿನ ಮೇಲೆ ಕುಳಿತು ಬಹಳ ಹೊತ್ತು ಸ್ನಾನಮಾಡಿದರು. ಹೊರಗೆ ಬಂದವರು ಜಾಲರಿಯ ಕಡೆ ತೋರಿಸಿ ಕೇಳಿದರು:

“ಇಷ್ಟೂ ನೀರು ಎಲ್ಲಿಗೆ ಹೋಯಿತೋ?”

“ಚರಂಡಿಗೆ, ಅಮ್ಮ.”

“ಬಾಳೆಗಿಲ್ಲವೇ ಹಾಗಾದರೆ?”

ನಾನು ಹಿತ್ತಿಲಿಗೆ ಹೋಗಿ ನೋಡಿದೆನು. ಬಾಳೆಯ ಎಲೆಗಳ ಅಂಚು ಒಣಗಿದ್ದುವು. ಮೇಸ್ತ್ರಿಯು ಸೋಮವಾರ ಬರುತ್ತೇನೆಂದಿದ್ದಾನೆ.