ಸೊರಬಕ್ಕೆ ಕಾಗದ, ಹಾನಗಲ್ಲಿಗೆ ಗಾಡಿ

ಆನವಟ್ಟಿ ಸೊರಬ ತಾಲ್ಲೂಕಿನ ಉತ್ತರದ ಅಂಚಿನ ಊರು. ಪಶ್ಚಿಮಕ್ಕೆ ಬನವಾಸಿ, ದಕ್ಷಿಣಕ್ಕೆ ಸೊರಬ, ಆಗ್ನೇಯಕ್ಕೆ ಶಿರಾಳಕೊಪ್ಪ, ಅದನ್ನು ದಾಟಿದರೆ ಶಿಕಾರಿಪುರ. ಉತ್ತರಕ್ಕೆ ವರದಾ ಹೊಳೆ ದಾಟಿದರೆ ಹಾನಗಲ್ ಸೀಮೆ. ಸಾಗರದ ನೆಂಟರು ನಮ್ಮನ್ನು ಬಯಲುಸೀಮೆಯವರು ಅನ್ನುತ್ತಿದ್ದರು, ಹಾನಗಲ್ಲಿನ ನೆಂಟರು ಮಲೆನಾಡಿನವರು ಅನ್ನುತ್ತಿದ್ದರು. ಎರಡೂ ಕಡೆಯವರಿಗೆ ನಮ್ಮ ಮಾತು ಕೇಳಿ ನಗು. ನಮ್ಮ ಊರಿನ ತೊಡಕು ಮಾತಿನದಲ್ಲ, ದಿಕ್ಕಿನದು. ವ್ಯಾಪಾರ, ಬೀಗತನ, ಎತ್ತು ಕೊಳ್ಳುವುದು ಎಲ್ಲ ಹಾನಗಲ್, ಶಿರಾಳಕೊಪ್ಪದ ಕಡೆಗೆ. ಸರ್ಕಾರ ಮಾತ್ರ ಸೊರಬದಲ್ಲಿ.

1956ರ ನವೆಂಬರ್ 1ರವರೆಗೆ ಇದು ಬರೀ ತಾಲ್ಲೂಕಿನ ಗಡಿಯಾಗಿರಲಿಲ್ಲ. ಆನವಟ್ಟಿ ಮೈಸೂರಿನದು, ಹಾನಗಲ್ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯದು. ನಮ್ಮ ಕಡೆ ಅಮಲ್ದಾರರು, ಶಾನುಭೋಗರು, ಪಟೇಲರು. ಹೊಳೆಯಾಚೆ ಮಾಮಲೇದಾರರು, ಕುಲಕರ್ಣಿ, ಗೌಡರು. ಅಜ್ಜನ ಕಾಲದವರಿಗೆ ಏಕೀಕರಣ ಅಂದರೆ ಭಾಷಣಕ್ಕಿಂತ ಹೆಚ್ಚಾಗಿ ಇದೇ: ಹೆಣ್ಣು ಕೊಟ್ಟ ಮನೆಯೂ ತಂದ ಮನೆಯೂ ಒಂದೇ ರಾಜ್ಯದ ಕಾಗದಕ್ಕೆ ಬಂದವು. ಗಡಿಯ ಊರಿಗೆ ದಂಡೂ ಬಂದಿತ್ತು: 1764ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯಕ್ಕೆ ರಟ್ಟಿಹಳ್ಳಿಯಲ್ಲಿ ಸೋತ ಹೈದರಾಲಿ ಹಿಂದೆ ಸರಿದು ಬೀಡುಬಿಟ್ಟದ್ದು ಆನವಟ್ಟಿಯಲ್ಲಿ. ಬಯಲು ಮುಗಿದು ಕಾಡು ಶುರುವಾಗುವ ಜಾಗ, ಮರಾಠರ ಕುದುರೆ ದಂಡಿಗೆ ಸಲೀಸಲ್ಲ. ಅಲ್ಲೂ ಹೈದರನಿಗೆ ಹೊಡೆತ ತಪ್ಪಲಿಲ್ಲ. ಶಾಲೆಯಲ್ಲಿ ನಮಗೆ ಪಾಣಿಪತ್ತಿನ ಯುದ್ಧ ಬಾಯಿಪಾಠ ಮಾಡಿಸಿದರು, ಇದನ್ನು ಹೇಳಲಿಲ್ಲ.

ನಾನು ಹುಡುಗನಾಗಿದ್ದಾಗ, 1970ರ ದಶಕದಲ್ಲಿ, ಶಾನುಭೋಗಿಕೆ ಕಾನೂನಿನ ಪ್ರಕಾರ ಸತ್ತೇ ಹೋಗಿತ್ತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದು ಮಾಡಿದ್ದು 1961ರ ಕಾಯ್ದೆ. ಅವರ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದಿದ್ದರು. ಜನ ಮಾತ್ರ ಅವರನ್ನೂ ಶಾನುಭೋಗರೇ ಅನ್ನುತ್ತಿದ್ದರು, ಅವರೆದುರು ಹಾಗೇ ನಿಲ್ಲುತ್ತಿದ್ದರು. ಪಹಣಿ ಕೈಬರಹದ್ದು. ಬೆಳೆ ಕಲಂನಲ್ಲಿ ಭತ್ತ ಎಂದು ಬರೆಯುವುದೋ ಬೀಳು ಎಂದು ಬರೆಯುವುದೋ ಅವರ ಕೈಯಲ್ಲಿತ್ತು. ಅದಕ್ಕಿಂತ ಮುಖ್ಯವಾದದ್ದು ಸಾಗುವಳಿದಾರ ಯಾರು ಎಂಬ ಕಲಂ.

“ಶಾನುಭೋಗ್ರೇ, ನಂದೊಂದು ಹೆಸರು ಹಾಕ್ಕೊಳ್ರಿ.”

“ಒಡೇರು ಒಪ್ಪ್ಯಾರೇನೋ?”

ಆ ಪ್ರಶ್ನೆಗೆ ಗೇಣಿದಾರನಲ್ಲಿ ಉತ್ತರ ಇರುತ್ತಿರಲಿಲ್ಲ. ಅಂದಿನ ಹಳ್ಳಿಯಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತಿದ್ದರು ಎಂದು ಈಗ ಬಹಳ ಜನ ಹಂಬಲಿಸುತ್ತಾರೆ. ಗೊತ್ತಿದ್ದರು, ನಿಜ. ಯಾರು ಜಗುಲಿ ಹತ್ತಬೇಕು, ಯಾರು ಅಂಗಳದಲ್ಲಿ ನಿಲ್ಲಬೇಕು ಎನ್ನುವುದೂ ಅಷ್ಟೇ ಚೆನ್ನಾಗಿ ಗೊತ್ತಿತ್ತು.

ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ್ದರೂ ಅದರ ಫಲ ಕಾಗದಕ್ಕಿಳಿದದ್ದು 1974ರಲ್ಲಿ, ದೇವರಾಜ ಅರಸರ ತಿದ್ದುಪಡಿಯಿಂದ. ನಮೂನೆ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಡಬೇಕು. ನಮ್ಮ ಕಡೆ ಆ ಫಾರಂ ಬರೆದುಕೊಡಲು ಒಂದೆರಡು ಕ್ಲಾಸು ಓದಿದವರಿಗೂ ಬೇಡಿಕೆ ಬಂದಿತ್ತು. ತುಂಬಿದವರಿಗೆ ನೆಲ ಸಿಕ್ಕಿತು, ಹೆದರಿ ಸುಮ್ಮನಿದ್ದವರಿಗೆ ಸಿಗಲಿಲ್ಲ. ಈಗಿನ ಅಡಿಕೆ ತೋಟಗಳ ಲೆಕ್ಕ ಹಿಡಿದು ಹಿಂದಕ್ಕೆ ಹೋದರೆ ಬಹಳಷ್ಟು ಆ ಒಂದು ಫಾರಮ್ಮಿಗೇ ಹೋಗಿ ನಿಲ್ಲುತ್ತವೆ.

ಪಂಚಾಯಿತಿ ಎನ್ನುವುದು ಆಗ ಬೀದಿದೀಪ, ಕಂದಾಯ, ಜಗಳ ಇವಿಷ್ಟೇ. ಅದಕ್ಕೊಂದು ಮೈಕೈ ಬಂದದ್ದು 1983ರ ಕಾಯ್ದೆಯಿಂದ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬರು ತಂದ ಕಾಯ್ದೆ ಅದು. ಬೋರ್‌ವೆಲ್ ಕೊರೆಸಿ ಕೈಪಂಪು ಹಾಕಿಸಿದ್ದಕ್ಕೆ ಜನ ಅವರನ್ನು ನೀರ್‌ಸಾಬ್ ಅನ್ನುತ್ತಿದ್ದರು. 1987ರಲ್ಲಿ ಚುನಾವಣೆ ನಡೆದು ಊರೂರಿಗೆ ಮಂಡಲ ಪ್ರಧಾನರು ಹುಟ್ಟಿಕೊಂಡರು. ಕಾಲು ಭಾಗ ಹೆಂಗಸರಿಗೆ ಮೀಸಲು. ಊರ ಹಿರಿಯರು ಇದನ್ನು ಕಲಿಗಾಲದ ಲಕ್ಷಣವೆಂದು ವಿವರಿಸಿದರು. ಪಾಪ, ಅವರಿಗೆ ಬಂದಳಿಕೆ ನೆನಪಿರಲಿಲ್ಲ. ಬಂದಳಿಕೆ ಶಿಕಾರಿಪುರ ತಾಲ್ಲೂಕಿನಲ್ಲಿದೆ, ನಮಗೆ ದೂರವೇನಲ್ಲ. ಬನವಾಸಿ ಪನ್ನಿರ್ಚ್ಛಾಸಿರದೊಳಗಿನ ನಾಗರಖಂಡ ಎಪ್ಪತ್ತು ಎಂಬ ನಾಡಿಗೆ ಅದು ಮುಖ್ಯ ಊರು. ಕ್ರಿ.ಶ. 911ರ ಸುಮಾರಿಗೆ ಆ ನಾಡಿನ ನಾಳ್ಗಾವುಂಡ ಸತ್ತರಸ ನಾಗಾರ್ಜುನ ತೀರಿಕೊಂಡಾಗ ಹುದ್ದೆ ಅವನ ಹೆಂಡತಿ ಜಕ್ಕಿಯಬ್ಬೆಗೆ ಹೋಯಿತು. ರಾಷ್ಟ್ರಕೂಟರ ಕಾಲ. ಆಕೆ ನಾಡನ್ನು ಚೆನ್ನಾಗಿಯೇ ಆಳಿದಳು, ಕೊನೆಗೆ ರೋಗ ಬಂದು ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ ತೆಗೆದುಕೊಂಡಳು ಎಂದು ಶಾಸನ ಹೇಳುತ್ತದೆ. ಗಂಡನ ಹುದ್ದೆ ಹೆಂಡತಿಗೆ ಎನ್ನುವುದು ಸಮಾನತೆಯಲ್ಲ, ಒಪ್ಪುತ್ತೇನೆ. ನಮ್ಮ ಮೊದಮೊದಲ ಮಹಿಳಾ ಸದಸ್ಯರ ಸಭೆಗೆ ಗಂಡಂದಿರು ಹೋಗಿ ಕೂರುತ್ತಿದ್ದದ್ದೂ ಸಮಾನತೆಯಲ್ಲ. ಆದರೆ ಜಕ್ಕಿಯಬ್ಬೆಯ ಬದಲು ಸಹಿ ಹಾಕಲು ಗಂಡ ಬದುಕಿರಲಿಲ್ಲ.

ಕುಬಟೂರು ನಮಗೆ ಇನ್ನೂ ಹತ್ತಿರ, ಮಗ್ಗುಲಿಗೇ ಅನ್ನಬಹುದು. ಸುಮಾರು 1100ರ ಕೈಟಭೇಶ್ವರ ದೇವಸ್ಥಾನ ಅಲ್ಲಿದೆ. ಅದಕ್ಕೂ ಮುಂಚೆ, 1077ರಲ್ಲಿ, ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ ಅಲ್ಲಿ ಪಾರ್ಶ್ವನಾಥನಿಗೆ ಬಸದಿ ಕಟ್ಟಿಸಿದ್ದಳು. ಹುಡುಗರಾಗಿದ್ದಾಗ ನಾವು ಕೈಟಭೇಶ್ವರದ ನುಣುಪು ಕಂಬಗಳ ನಡುವೆ ಕಣ್ಣಾಮುಚ್ಚಾಲೆ ಆಡಿದ್ದೇವೆ. ಈಗ ಪುರಾತತ್ವ ಇಲಾಖೆಯ ಬೇಲಿ, ಹುಲ್ಲುಹಾಸು, ನೀಲಿ ಫಲಕ ಇವೆ. ಹಾಗೇ ಇರಲಿ. ನಾವು ಆಡಿದ್ದರಿಂದ ದೇವಸ್ಥಾನಕ್ಕೇನೂ ಉಪಕಾರವಾಗಿರಲಿಲ್ಲ.

ಅದೇ ಕುಬಟೂರಿನವರು ಎಸ್. ಬಂಗಾರಪ್ಪ. 1967ರಲ್ಲಿ ಸೊರಬದಿಂದ ವಿಧಾನಸಭೆಗೆ ಹೋದವರು 1990ರ ಅಕ್ಟೋಬರಿನಲ್ಲಿ ಮುಖ್ಯಮಂತ್ರಿಯಾದರು. ಎರಡು ವರ್ಷದ ಅಧಿಕಾರ. ಗ್ರಾಮೀಣ ಕೃಪಾಂಕ, ಆಶ್ರಯ ಮನೆ, ರೈತರ ಪಂಪ್‌ಸೆಟ್ಟಿಗೆ ಪುಕ್ಕಟೆ ಕರೆಂಟು ನೆನಪಿನಲ್ಲಿ ಉಳಿದಿವೆ. ಪುಕ್ಕಟೆ ಕರೆಂಟಿನ ಬಗ್ಗೆ ನನ್ನದೊಂದು ತಕರಾರಿದೆ. ಸೊರಬ ಸಾವಿರಕ್ಕೂ ಮಿಕ್ಕಿ ಕೆರೆಗಳ ತಾಲ್ಲೂಕು. ಕೆರೆಗೊಬ್ಬ ನೀರುಗಂಟಿ, ತೂಬು ಎತ್ತುವ ದಿನಕ್ಕೊಂದು ಲೆಕ್ಕ. ಆ ಲೆಕ್ಕದಲ್ಲಿ ಮೇಲ್ಜಾತಿಯ ಗದ್ದೆಗೆ ಮೊದಲ ನೀರು ಎಂಬುದೂ ಸೇರಿತ್ತು, ಅದನ್ನು ಮುಚ್ಚಿಡಬೇಕಿಲ್ಲ. ಪಂಪು ಬಂದ ಮೇಲೆ ಯಾರೂ ನೀರುಗಂಟಿಯ ದಾರಿ ಕಾಯಬೇಕಾಗಲಿಲ್ಲ. ಜೊತೆಗೆ ಕೆರೆಯ ಹೂಳೂ ಯಾರಿಗೂ ಬೇಡವಾಯಿತು. ಭತ್ತದ ಗದ್ದೆಗೆ ಮೆಕ್ಕೆಜೋಳ ಬಂತು, ಶುಂಠಿ ಬಂತು, ಈಗ ಎಲ್ಲಿ ನೋಡಿದರೂ ಅಡಿಕೆ ಸಸಿ. ಕೆರೆಗೆ ನೀರು ತುಂಬಿಸಲು ವರದೆಯಿಂದ ಪೈಪಿನಲ್ಲಿ ಎತ್ತುವ ಯೋಜನೆ ಬೇಕಾಗಿದೆ.

2000ದ ಆಚೀಚೆ ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಹೋಯಿತು. ಕೈಬರಹಕ್ಕೆ ಬೆಲೆ ಇಲ್ಲವಾಯಿತು. ಇದರಷ್ಟು ಸದ್ದಿಲ್ಲದೆ ಹಳ್ಳಿಯ ಅಧಿಕಾರವನ್ನು ಅಲ್ಲಾಡಿಸಿದ್ದು ಇನ್ನೊಂದಿಲ್ಲ. ತಪ್ಪುಗಳೂ ಕಂಪ್ಯೂಟರಿಗೆ ಹೋದವು, ಅದು ಬೇರೆ ಮಾತು. ಮೊದಲು ಒಬ್ಬ ಮನುಷ್ಯನನ್ನು ಒಲಿಸಿಕೊಂಡರೆ ತಿದ್ದುತ್ತಿದ್ದ ಹೆಸರಿಗೆ ಈಗ ಅರ್ಜಿ, ಆಧಾರ್, ಒಟಿಪಿ, ಕೊನೆಗೆ ಸೊರಬ. ಹೋಬಳಿಯ ನಾಡಕಚೇರಿ ಇಲ್ಲೇ ಇದೆಯಲ್ಲ ಅಂದರೆ, ಜಾತಿ-ಆದಾಯದ ಸರ್ಟಿಫಿಕೇಟಿಗೆ ಸಾಕು, ಜಮೀನಿನ ತಕರಾರಿಗೆ ಸಾಲದು.

ಗ್ರಾಮ ಪಂಚಾಯಿತಿಯಾಗಿದ್ದ ಆನವಟ್ಟಿ ಈಗ ಪಟ್ಟಣ ಪಂಚಾಯಿತಿ. ಪಟ್ಟಣವಾಗಲು ಕಾನೂನು ಕೇಳುವುದು 10,000ಕ್ಕೆ ಕಡಿಮೆಯಿಲ್ಲದ ಜನ, ಚದರ ಕಿಲೋಮೀಟರಿಗೆ 400ರ ಸಾಂದ್ರತೆ, ದುಡಿಯುವವರಲ್ಲಿ ಅರ್ಧದಷ್ಟು ಜನ ಬೇಸಾಯ ಬಿಟ್ಟು ಬೇರೆ ಕಸುಬಿನವರಾಗಿರುವುದು. ಮೂರನೆಯದನ್ನು ಅಡಿಕೆ ಕೊಯ್ಲಿನ ಹೊತ್ತಿಗೆ ಬಂದು ಎಣಿಸಿದರೆ ಏನಾಗುತ್ತದೋ. ಪಿಡಿಒ ಹೋಗಿ ಮುಖ್ಯಾಧಿಕಾರಿ ಬಂದರು, ಗ್ರಾಮಸಭೆ ಹೋಗಿ ವಾರ್ಡು ಬಂತು. ಕಸದ ಗಾಡಿ, ದೀಪ, ರಸ್ತೆಗೆ ದುಡ್ಡು ಹೆಚ್ಚು ಸಿಗುತ್ತದೆ. ಪೇಟೆಯ ಅಂಗಡಿಯವರಿಗೆ ಸಂತೋಷ. ಮನೆಗಂದಾಯ ಏರುತ್ತದೆ ಎಂಬ ಗೊಣಗಾಟ ಅವರಲ್ಲೂ ಇದೆ, ಅಂಗಡಿ ಬೆಲೆ ಏರುವುದರಿಂದ ಅದು ಗಂಟಲು ದಾಟುವುದಿಲ್ಲ.

ಗಟ್ಟಿಯಾಗಿ ಕೇಳಿದವರು ಕೂಲಿ ಹೆಂಗಸರು. 2005ರ ಉದ್ಯೋಗ ಖಾತ್ರಿ ಕಾಯ್ದೆ ಇದ್ದದ್ದು ಹಳ್ಳಿಗಳಿಗಷ್ಟೇ. ಊರು ಪಟ್ಟಣವಾದ ಮೇಲೆ ಜಾಬ್ ಕಾರ್ಡಿಗೆ ಕೆಲಸವಿಲ್ಲವಾಯಿತು. ಕೆರೆ ಹೂಳು, ಕಾಲುವೆ, ಬದು ಎಂದು ಬೇಸಿಗೆಯಲ್ಲಿ ಸಿಗುತ್ತಿದ್ದ ಕೂಲಿಯನ್ನು ಪಕ್ಕದ ಪಂಚಾಯಿತಿಯವರು ಪಡೆಯುವುದು, ಗದ್ದೆಯ ಬದುವಿನ ಈಚೆಯವರಿಗೆ ಇಲ್ಲ ಅನ್ನುವುದು ಯಾವ ನ್ಯಾಯ ಎಂಬುದು ಅವರ ಪ್ರಶ್ನೆ.

“ನಾವು ಪ್ಯಾಟಿಯವ್ರಾದ್ವಿ ಅಂತ ಹೇಳ್ತಾರ್ರಿ ಅಣ್ಣಾರ. ಪ್ಯಾಟ್ಯಾಗ ನಮಗ ಏನ್ ಕೆಲಸ ಐತಿ ಅಂತ ಮಾತ್ರ ಯಾರೂ ಹೇಳಂಗಿಲ್ಲ” ಅಂದಳು ನಮ್ಮ ಅಡಿಕೆ ಸುಲಿಯಲು ಬರುವಾಕೆ. ಗೊರಬಲು ಸುಲಿದ ಬುಟ್ಟಿಯ ಲೆಕ್ಕ ಹೇಳಿ, ಕೂಲಿ ಎಣಿಸಿಕೊಂಡು, ನಾಳೆ ಹೊಳೆಯಾಚೆ ಹಾನಗಲ್ ತಾಲ್ಲೂಕಿನ ತೋಟಕ್ಕೆ ಹೋಗುವವಳು, ಬರುವುದಿಲ್ಲ ಎಂದಳು. ಅಲ್ಲಿ ಕೂಲಿ ಹೆಚ್ಚಂತೆ.