ಮಹಡಿಯ ಮರದ ನೆಲ

ನಾವು ಬಾಲ್ಯದ ಹತ್ತು ವರ್ಷಗಳನ್ನು ಮಠದ ಪಾಠಶಾಲೆಯಲ್ಲಿ ಕಳೆದವರು. ಶಹಾಬಾದ ಕಲ್ಲಿನ ನೆಲದ ಮೇಲೆ ಚಾಪೆ ಹಾಸಿ ಮಲಗಿ, ಅದೇ ನೆಲದ ಮೇಲೆ ಕುಳಿತು ವ್ಯಾಕರಣ ಕಂಠಪಾಠ ಮಾಡಿ, ಸರದಿಯಂತೆ ಅದನ್ನೇ ತೊಳೆದು ಬೆಳೆದವರು. ನೆಲವೆಂದರೆ ಅಚಲವಾದುದು, ಒಮ್ಮೆ ಹಾಸಿದರೆ ತಲೆಮಾರುಗಳ ಕಾಲ ಕದಲದು ಎಂಬ ಭಾವನೆ ನಮ್ಮಲ್ಲಿ ಬೇರೂರಿದ್ದಿತು. ಆ ಭಾವನೆಯೇ ಪರದೇಶದಲ್ಲಿ ನಮ್ಮನ್ನು ತಪ್ಪಿಗೆ ಗುರಿಮಾಡಿತೆಂಬುದನ್ನು ವಾಚಕ ಬಂಧುಗಳ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಮಕ್ಕಳು ಹೊರದೇಶದಲ್ಲಿರುವ ಮನೆತನಗಳು ಇಂದು ಬಹಳ. ಅಂಥವರಿಗೆ ಈ ಸಂಗತಿ ಉಪಯೋಗಕ್ಕೆ ಬಂದೀತು.

2022ರಲ್ಲಿ ನಾವು ದಂಪತಿಗಳು ಅಮೇರಿಕೆಯ ನ್ಯೂಜೆರ್ಸಿಯಲ್ಲಿರುವ ಮಗನ ಮನೆಯಲ್ಲಿ ಐದು ತಿಂಗಳು ಇದ್ದೆವು. ಮನೆಯ ಕೆಳಗೆಲ್ಲ ಕೆಂಪು ಓಕ್ ಮರದ ನೆಲ. (ಈ ಕೆಂಪು ಓಕ್ ಆ ರಾಜ್ಯದ ರಾಜ್ಯವೃಕ್ಷ, 1950ರಲ್ಲಿ ಅದಕ್ಕೆ ಆ ಮನ್ನಣೆ ದೊರೆತಿದೆ.) ಮಹಡಿಯ ಮೇಲೆ ಮಾತ್ರ ಗೋಡೆಯಿಂದ ಗೋಡೆಗೆ ಹಳೆಯ ಕಾರ್ಪೆಟ್ಟು. ಅದರ ಧೂಳಿಗೆ ಮೊಮ್ಮಗನು ಬೆಳಗಾದರೆ ಸೀನುತ್ತಿದ್ದನು. ಕಾರ್ಪೆಟ್ಟನ್ನು ಕಿತ್ತು ಮೇಲೆಯೂ ಕೆಳಗಿನಂಥದೇ ನೆಲ ಹಾಕಿಸುವುದೆಂದು ಮಗ ಸೊಸೆ ನಿಶ್ಚಯಿಸಿದರು.

‘ಕೆಳಗಿನಂಥದೇ’ ಎಂಬ ಮಾತು ಆಡಲು ಸುಲಭ. ಓಕ್‌ನಲ್ಲಿಯೇ ಕೆಂಪು ಬೇರೆ, ಬಿಳಿ ಬೇರೆ. ಎರಡರ ಎಳೆಗಳು ಒಂದಕ್ಕೊಂದು ಕೂಡುವುದಿಲ್ಲ. ಕೆಳಗಿನ ಹಲಗೆಗಳು 2¼ ಅಂಗುಲ ಅಗಲ, ¾ ಅಂಗುಲ ದಪ್ಪ. ಮೇಲೆಯೂ ಅದೇ ಅಳತೆ ಬೇಕು. ಇಷ್ಟೆಲ್ಲ ಹೊಂದಿದರೂ ಬಣ್ಣ ಹೊಂದದು. ಎಣ್ಣೆಯ ಪಾಲಿಯುರೆಥೇನ್ ಬಳಿದ ನೆಲ ವರ್ಷ ಕಳೆದಂತೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ನೀರಿನದು ಬಹುಕಾಲ ತಿಳಿಯಾಗಿಯೇ ಉಳಿಯುತ್ತದೆ. ಕೆಳಗಿನದು ಎಣ್ಣೆಯದಾದ್ದರಿಂದ ಮೇಲಿನದಕ್ಕೂ ಎಣ್ಣೆಯದನ್ನೇ ಆರಿಸಿದರು. ಕೆಲಸದವನು ಮೊದಲೇ ಎಚ್ಚರಿಸಿದ್ದನು: ಹೊಸದು ಮೊದಮೊದಲು ಎಳೆಯದಾಗಿಯೇ ಕಾಣುತ್ತದೆ, ಮುಂದಿನದು ಬೆಳಕಿನ ಕೆಲಸ, ಕಾಲದ ಕೆಲಸ.

ಹಲಗೆಗಳ ಕಟ್ಟುಗಳು ಆಗಸ್ಟಿನ ಆರಂಭದಲ್ಲಿಯೇ ಬಂದವು. ಕೂಡಲೇ ಮಹಡಿಗೆ ಒಯ್ದು ಬಿಚ್ಚಿಡಬೇಕೆಂದು ಹೇಳಿದ್ದರು. ನಾವೇ, ಮನೆಯವರಿಗೆ ಓಡಾಡಲು ತೊಡಕಾದೀತೆಂದು, ಗ್ಯಾರೇಜಿನಲ್ಲಿ ಇಡಿಸಿದೆವು. ಆ ತಿಂಗಳು ಅಲ್ಲಿ ಗಾಳಿಯೆಲ್ಲ ತೇವ. ಮೂರು ವಾರಗಳ ತರುವಾಯ ಕೆಲಸದವನು ಬಂದು, ಅಂಗೈಯಷ್ಟು ದೊಡ್ಡ ಯಂತ್ರವೊಂದನ್ನು ಮರಕ್ಕೆ ಒತ್ತಿ ನೋಡಿದನು. ಹಲಗೆಯಲ್ಲಿ ತೇವ ಶೇಕಡಾ 13. ಏಸಿ ಹಾಕಿದ್ದ ಮಹಡಿಯ ಪ್ಲೈವುಡ್ಡಿನಲ್ಲಿ ಶೇಕಡಾ 8. ಈ ಅಗಲದ ಹಲಗೆಗೆ ನಾಲ್ಕಕ್ಕಿಂತ ಹೆಚ್ಚು ಅಂತರವಿರಬಾರದಂತೆ. ಕಟ್ಟು ಬಿಚ್ಚಿ ಮೇಲೆ ಹರಡಿ ಹತ್ತು ದಿನ ಬಿಡಿ, ಮರ ಮನೆಯ ಗಾಳಿಗೆ ಹೊಂದಿಕೊಳ್ಳಲಿ ಎಂದನು.

ನಮ್ಮ ವಿಮಾನಕ್ಕೆ ಉಳಿದಿದ್ದುದು ಒಂಬತ್ತೇ ದಿನ. ಮಗನು ಕಟ್ಟಿದ ಬದುಕನ್ನು ಪೂರ್ಣವಾಗಿ ನೋಡಿ ಹೋಗಬೇಕೆಂಬ ಆಸೆ. ಅದನ್ನು ವಾತ್ಸಲ್ಯವೆಂದೇ ತಿಳಿದಿದ್ದೆವು. “ಕೊಯ್ದು ಒಣಗಿಸಿದ ಮರಕ್ಕೆ ಇನ್ನೆಂಥ ಹೊಂದಾಣಿಕೆ? ಶುರು ಮಾಡಿಸಪ್ಪಾ” ಎಂದೆವು. ಮಗನು ಒಂದು ಕ್ಷಣ ನಮ್ಮ ಮುಖ ನೋಡಿ, “ಆಗಲಿ ಅಪ್ಪಾ” ಎಂದನು. ತೇವದ ಹೊಣೆ ತನ್ನದಲ್ಲವೆಂದು ಕೆಲಸದವನು ಚೀಟಿ ಬರೆಸಿಕೊಂಡನು.

ಕೆಲಸವೇನೋ ನೋಡುವಂತಿತ್ತು. ಪ್ಲೈವುಡ್ಡು ಕಿರುಗುಟ್ಟದಂತೆ ಮೊದಲು ತಿರುಪು ಹೊಡೆದರು. ಕೆಳಗಿನ ತೊಲೆಗಳಿಗೆ ಅಡ್ಡಲಾಗಿ ಹಲಗೆ ಹಾಸಿ, ಒಂದರ ಅಂಚಿನ ನಾಲಿಗೆ ಮತ್ತೊಂದರ ತೋಡಿನಲ್ಲಿ ಕೂಡುವಂತೆ ಬಡಿದು, ಮೊಳೆಯ ತಲೆ ಹೊರಗೆ ಕಾಣದಂತೆ ಜಡಿದರು. ಮರ ಹಿಗ್ಗಲೆಂದು ಗೋಡೆಯ ಸುತ್ತ ಮುಕ್ಕಾಲು ಅಂಗುಲ ತೆರಪು ಬಿಟ್ಟರು. ಅದನ್ನು ಕಣ್ಣಾರೆ ಕಂಡೂ, ಹಿಗ್ಗುವುದು ಕುಗ್ಗಲೂ ಬಲ್ಲುದೆಂದು ನಮಗೆ ಹೊಳೆಯಲಿಲ್ಲ. ಉಜ್ಜಿ ನುಣುಪು ಮಾಡಿ ಮೂರು ಸಲ ಬಳಿದರು. ಆ ವಾಸನೆಗೆ ಎಲ್ಲರೂ ನೆಲಮಾಳಿಗೆಯಲ್ಲಿ ಮಲಗಿದೆವು. ಹೊರಡುವ ದಿನ ಬೆಳಿಗ್ಗೆ ಕಾಲುಚೀಲ ಹಾಕಿಕೊಂಡು ಮಹಡಿಯಲ್ಲಿ ನಡೆದು, ಧನ್ಯರಾದೆವೆಂದು ಊರಿಗೆ ಬಂದೆವು.

ಜನವರಿಯಲ್ಲಿ ಫೋನಿನಲ್ಲಿ ಮೊಮ್ಮಗ ಹೇಳಿದ: “ಅಜ್ಜಾ, ನನ್ನ ಕೋಣೆಯ ಹಲಗೆಗಳ ನಡುವೆ ಒಂದು ಸೆಂಟಿನ ನಾಣ್ಯ ನೆಟ್ಟಗೆ ನಿಲ್ಲುತ್ತದೆ!” ಹಿಂದಿನಿಂದ ಅವನ ತಾಯಿ ಗದರಿಸಿದ್ದು ಕೇಳಿಸಿತು. ಹಿಮಗಾಲದಲ್ಲಿ ಹೀಟರಿನ ಗಾಳಿ ಮನೆಯನ್ನು ಒಣಗಿಸಿ, ತೇವ ಕುಡಿದಿದ್ದ ಹಲಗೆಗಳು ಕುಗ್ಗಿ ಸಂದು ಬಿಟ್ಟಿದ್ದವು. ಮಗನು ಫೋನು ತೆಗೆದುಕೊಂಡು ಊರಿನ ಮಳೆಬೆಳೆಯನ್ನು ವಿಚಾರಿಸಿದನು.

2024ರ ಜುಲೈಯಲ್ಲಿ ಮತ್ತೆ ಹೋದೆವು. ಮೆಟ್ಟಿಲ ತುದಿಯಲ್ಲಿ ಹಳೆಯ ಓಕ್, ಹೊಸ ಓಕ್ ಕೂಡುವೆಡೆಯಲ್ಲಿ ನಿಂತು ನೋಡಿದೆವು. ಬಣ್ಣದ ಅಂತರ ಅರ್ಧಕ್ಕಿಳಿದಿತ್ತು. ನಮ್ಮ ಧರ್ಮಪತ್ನಿ ಮಂಚದ ಬಳಿಯ ಜಮಖಾನೆ ಎತ್ತಿದರೆ ಅದರಡಿ ಮಾತ್ರ ಜಮಖಾನೆಯ ಆಕಾರದಲ್ಲಿ ಎಳೆಯ ಬಣ್ಣ ಹಾಗೆಯೇ ಉಳಿದಿತ್ತು. ಬೇಸಿಗೆಯ ತೇವಕ್ಕೆ ಸಂದುಗಳು ಬಹುಮಟ್ಟಿಗೆ ಮುಚ್ಚಿದ್ದವು.

“ಆ ದಿನ ನಮ್ಮ ಮಾತು ಮೀರಿದ್ದರೆ ಚೆನ್ನಾಗಿತ್ತು” ಎಂದೆವು ಮಗನಿಗೆ.

“ನೀವು ನೋಡಿ ಹೋಗಬೇಕೆಂದಿದ್ದಿರಲ್ಲ ಅಪ್ಪಾ” ಎಂದನು ಅವನು. “ಹಲಗೆ ಕುಗ್ಗೀತೆಂದು ಗೊತ್ತಿತ್ತು.”

ಚಳಿಗಾಲದಲ್ಲಿ ಆ ನೆಲವನ್ನು ನಾವು ಇಂದಿಗೂ ನೋಡಿಲ್ಲ. ಜನವರಿಯಲ್ಲಿ ಬರಬೇಕೆಂದು ಮೊಮ್ಮಗನ ಕರೆ ಬಂದಿದೆ. ನಮ್ಮ ನಾಡಿನ ಒಂದು ರೂಪಾಯಿಯ ನಾಣ್ಯವನ್ನೂ ತರಬೇಕಂತೆ. ಅದು ನಿಲ್ಲುತ್ತದೆಯೋ ಇಲ್ಲವೋ ನೋಡಬೇಕಂತೆ.